ಶ್ರಮದ ಜಯ: ರೆವರೆಂಡ್ ಫರ್ಡಿನಾಂಡ್ ಕಿಟ್ಟೆಲರ ಜೀವಿತ

ದುಡಿಮೆಯು ಸಕಲವನ್ನೂ ಜಯಿಸುವದೆಂಬ ಅರ್ಥದ ಲಾಟಿನ್ ಧ್ಯೇಯವಾಕ್ಯವನ್ನು ಅನೇಕ ವಿದ್ಯಾಶಾಲೆಗಳು ತಮ್ಮ ಮುದ್ರೆಯಲ್ಲಿ ಧರಿಸಿವೆ. ಅದರ ಮೂಲವು ರೋಮನ್ ಕವಿಯಾದ ವರ್ಜಿಲನು ಕೃಷಿಯನ್ನು ಕುರಿತು ರಚಿಸಿದ ಕಾವ್ಯದಲ್ಲಿದೆ. ಅಲ್ಲಿ ಅದು ಬಿಡುವಿಲ್ಲದ ಕಠಿಣ ದುಡಿಮೆಯನ್ನು ಸೂಚಿಸುತ್ತದೆ. ಅಂಥ ದುಡಿಮೆಯನ್ನು ನಮ್ಮ ನಾಡಿನಲ್ಲಿ ಬಾಳಿ ತೋರಿಸಿದವರು ರೆವರೆಂಡ್ ಫರ್ಡಿನಾಂಡ್ ಕಿಟ್ಟೆಲರು.

ಇವರು 1832ರ ಏಪ್ರಿಲ್ ತಿಂಗಳಲ್ಲಿ ಜರ್ಮನಿಯ ಉತ್ತರ ಕರಾವಳಿಯ ಪ್ರಾಂತದಲ್ಲಿ ಜನಿಸಿದರು. ಬಾಸೆಲ್ ಮಿಶನ್ನಿನವರಿಂದ ಶಿಕ್ಷಣ ಪಡೆದು 1853ರಲ್ಲಿ ಹಿಂದುಸ್ಥಾನಕ್ಕೆ ಬಂದರು. ಆಗ ಅವರಿಗೆ 21 ವರ್ಷ. ಧಾರವಾಡ, ಹುಬ್ಬಳ್ಳಿ, ಮಡಿಕೇರಿ, ಮಂಗಳೂರುಗಳಲ್ಲಿ ಸೇವೆ ಮಾಡುತ್ತ ಜನರ ಆಡುನುಡಿಯನ್ನೂ ಹಳಗನ್ನಡವನ್ನೂ ಅಭ್ಯಾಸಮಾಡಿದರು. 1864ರಲ್ಲಿ ಪತ್ನಿಯು ತೀರಿಕೊಂಡಳು. ಯಾವ ಶ್ರಮವೂ ಮರಣವನ್ನು ಗೆಲ್ಲಲಾರದು. ಆದರೂ ಕಿಟ್ಟೆಲರು ಕೈಗೊಂಡ ಕಾರ್ಯವನ್ನು ಕೈಬಿಡಲಿಲ್ಲ. 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನೂ 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನೂ ಸಂಪಾದಿಸಿ ಪ್ರಕಟಿಸಿದರು.

ನಿಘಂಟಿನ ಕಾರ್ಯವಂತೂ ಸುಮಾರು 20 ವರ್ಷ ನಡೆಯಿತು. ಕಾವ್ಯಗಳಿಂದಷ್ಟೇ ಅಲ್ಲದೆ ಜನರ ಮಾತಿನಿಂದಲೂ ಗಾದೆಗಳಿಂದಲೂ ಶಬ್ದಗಳನ್ನು ಕೂಡಿಸಿದರು. ಯಾವ ಶಬ್ದ ಯಾವ ಸೀಮೆಯದೆಂದು ಗುರುತಿಸಿದರು. ಈ ನಾಡಿನ ಪಂಡಿತರು ಅವರಿಗೆ ನೆರವಾದರು. 1877ರಲ್ಲಿ ಸ್ವದೇಶಕ್ಕೆ ಹೋದಾಗಲೂ ಕೆಲಸ ನಿಲ್ಲಲಿಲ್ಲ. ಅದಕ್ಕಾಗಿಯೇ 1883ರಲ್ಲಿ ತಿರುಗಿ ಬಂದರು. 1894ರಲ್ಲಿ ಸುಮಾರು 70,000 ಶಬ್ದಗಳ, 1,700ಕ್ಕೂ ಮಿಕ್ಕ ಪುಟಗಳ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾಯಿತು. 1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯವು ಅವರಿಗೆ ಡಾಕ್ಟರ್ ಪದವಿಯನ್ನಿತ್ತಿತು. 1903ರಲ್ಲಿ ಕನ್ನಡ ವ್ಯಾಕರಣವನ್ನು ಪ್ರಕಟಿಸಿ, ಅದೇ ವರ್ಷದ ಡಿಸೆಂಬರದಲ್ಲಿ ಟ್ಯೂಬಿಂಗನ್ನಿನಲ್ಲಿ ದೈವಾಧೀನರಾದರು.

ಹೊನ್ನಾವರ, ಕುಮಟಾ, ಭಟ್ಕಳಗಳ ಅನೇಕ ಮನೆಗಳಲ್ಲಿ ಕೊಂಕಣಿಯೋ ನವಾಯತಿಯೋ ಮನೆಮಾತಾಗಿದೆ. ಮನೆಯಲ್ಲಿ ಬೇರೆ ನುಡಿಯಾಡುವ ಹುಡುಗಿಗೆ ಕನ್ನಡ ಹತ್ತದೆಂದು ಪಾಲಕರು ಚಿಂತಿಸುವದನ್ನು ನಾವು ಪ್ರತಿ ವರ್ಷವೂ ಕೇಳುತ್ತೇವೆ. ಒಂದು ಪರೀಕ್ಷೆಯಲ್ಲಿ ಸೋತಳೆಂದು ಶಾಲೆ ಬಿಡಿಸಲು ಮುಂದಾಗುವವರೂ ಉಂಟು. ಇವರು ಕಿಟ್ಟೆಲರನ್ನು ನೆನೆಯಲಿ. ಕನ್ನಡವು ಅವರಿಗೆ ತಾಯ್ನುಡಿಯಾಗಿರಲಿಲ್ಲ; ದಿನಕ್ಕೆ ಕೆಲವು ಶಬ್ದಗಳಂತೆ ಅದನ್ನು ತಮ್ಮದಾಗಿಸಿಕೊಂಡರು. ನಮ್ಮ ಹಳೆಯ ವಿದ್ಯಾರ್ಥಿನಿಯರು ತಮ್ಮ ಹೆಣ್ಣುಮಕ್ಕಳ ವಿಷಯದಲ್ಲಿ ಅಷ್ಟೇ ತಾಳ್ಮೆಯನ್ನು ತೋರಲೆಂದು ನಾವು ಹಾರೈಸುತ್ತೇವೆ.