ಮುಳ್ಳು ಚುಚ್ಚಿ ನೋಡಿದ ಮೆಚ್ನಿಕಾಫ್

ಮಕ್ಕಳೇ, ಪಾಮನಕಲ್ಲೂರಿನ ಹೊಲದ ದಾರಿಯಲ್ಲಿ ಬರಿಗಾಲಲ್ಲಿ ನಡೆದವರಿಗೆ ಜಾಲಿಮುಳ್ಳಿನ ಪರಿಚಯ ಮಾಡಿಕೊಡಬೇಕಾಗಿಲ್ಲ. ಮುರಿದ ಮುಳ್ಳು ಒಳಗೇ ಉಳಿದರೆ ಆ ಜಾಗ ಕೆಂಪಾಗಿ, ಬಿಸಿಯಾಗಿ ಬಾತುಕೊಳ್ಳುತ್ತದೆ. ಆಮೇಲೆ ಕೀವು ತುಂಬುತ್ತದೆ. ಇದೇ ಉರಿಯೂತ. ಆಗ ಚರ್ಮದೊಳಗೆ ಏನು ನಡೆಯುತ್ತದೆ?

1867ರಲ್ಲಿ ಜರ್ಮನಿಯ ಕೋನ್‌ಹೈಮ್ ಎಂಬ ವೈದ್ಯರು ಜೀವಂತ ಕಪ್ಪೆಯ ರಕ್ತನಾಳಗಳಿಂದ ಬಿಳಿ ರಕ್ತಕಣಗಳು ನುಸುಳಿ ಹೊರಬರುವುದನ್ನು ಕಂಡರು. ನಾಳ ಕೆಟ್ಟು ಸೋರುತ್ತಿದೆ ಎಂದು ಅವರು ತಿಳಿದರು. ಆ ಕಣಗಳು ಬರುವುದು ಕೆಲಸಕ್ಕಾಗಿ ಎಂದು ತೋರಿಸಿದವರು ಇಲ್ಯಾ ಮೆಚ್ನಿಕಾಫ್.

ಅವರು 1845ರಲ್ಲಿ ಇಂದಿನ ಉಕ್ರೇನ್ ದೇಶದ ಖಾರ್ಕಿವ್ ಬಳಿಯ ಹಳ್ಳಿಯೊಂದರಲ್ಲಿ ಜನಿಸಿದರು. ನಾಲ್ಕು ವರ್ಷಗಳ ಪದವಿಯನ್ನು ಎರಡೇ ವರ್ಷಗಳಲ್ಲಿ ಮುಗಿಸಿದರು. ಒಡೆಸ್ಸಾದಲ್ಲಿ ಪ್ರಾಧ್ಯಾಪಕರಾದರು. 1882ರಲ್ಲಿ ಆ ಕೆಲಸ ಬಿಟ್ಟು ಇಟಲಿಯ ಮೆಸ್ಸಿನಾ ಎಂಬ ಕಡಲತೀರದ ಊರಿಗೆ ಹೋದರು.

ಒಂದು ದಿನ ಮನೆಯವರೆಲ್ಲ ಸರ್ಕಸ್ ನೋಡಲು ಹೋಗಿದ್ದರು. ಮೆಚ್ನಿಕಾಫ್ ಒಬ್ಬರೇ ಸೂಕ್ಷ್ಮದರ್ಶಕದ ಮುಂದೆ ಕುಳಿತು ನಕ್ಷತ್ರ ಮೀನಿನ ಮರಿಯನ್ನು ನೋಡುತ್ತಿದ್ದರು. ಅದರ ಮೈ ಗಾಜಿನಂತೆ ಪಾರದರ್ಶಕ. ಒಳಗೆ ಅಲೆದಾಡುವ ಜೀವಕೋಶಗಳು ಚೆನ್ನಾಗಿ ಕಾಣುತ್ತಿದ್ದವು. ಹೊರಗಿನಿಂದ ಏನಾದರೂ ಒಳಹೊಕ್ಕರೆ ಇವು ಅದನ್ನು ಸುತ್ತುವರಿಯಬಹುದೇ ಎಂಬ ಯೋಚನೆ ಬಂತು. ತೋಟದಿಂದ ಗುಲಾಬಿ ಮುಳ್ಳು ತಂದು ಮರಿಯ ಚರ್ಮದ ಕೆಳಗೆ ಚುಚ್ಚಿದರು. ರಾತ್ರಿಯಿಡೀ ನಿದ್ದೆ ಬರಲಿಲ್ಲ. ಬೆಳಿಗ್ಗೆ ನೋಡಿದರೆ ಮುಳ್ಳಿನ ಸುತ್ತ ಜೀವಕೋಶಗಳು ಮುತ್ತಿಕೊಂಡಿದ್ದವು! ಆ ಮರಿಗೆ ರಕ್ತನಾಳಗಳೇ ಇಲ್ಲ. ಸೋರುವುದಕ್ಕೆ ನಾಳವೇ ಇಲ್ಲದಿದ್ದ ಮೇಲೆ, ಅವು ತಾವಾಗಿಯೇ ನಡೆದುಬಂದಿರಬೇಕಲ್ಲವೇ?

ಮುಂದೆ ನೀರುಚಿಗಟವೆಂಬ ಪಾರದರ್ಶಕ ಜೀವಿಯಲ್ಲಿ, ರೋಗ ತರುವ ಶಿಲೀಂಧ್ರದ ಬೀಜಕಣಗಳನ್ನು ಇಂಥ ಕೋಶಗಳು ನುಂಗುವುದನ್ನು ಕಂಡರು. ಇವುಗಳಿಗೆ ಫ್ಯಾಗೋಸೈಟ್, ಅಂದರೆ ನುಂಗುವ ಕೋಶ, ಎಂಬ ಹೆಸರು ಬಂತು. ಆದರೆ ಅನೇಕ ವಿಜ್ಞಾನಿಗಳು ಒಪ್ಪಲಿಲ್ಲ. ಬಿಳಿ ಕಣಗಳು ರೋಗಾಣುಗಳನ್ನು ಹೊತ್ತು ಮೈಯೆಲ್ಲ ಹರಡುತ್ತವೆ ಎಂದರು ಕೆಲವರು. ರಕ್ತದ ದ್ರವವೇ ರೋಗಾಣುಗಳನ್ನು ಕೊಲ್ಲುತ್ತದೆ ಎಂದರು ಇನ್ನು ಕೆಲವರು. ಮೆಚ್ನಿಕಾಫ್ 1888ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆ ಸೇರಿ, ಪ್ರಯೋಗದ ಮೇಲೆ ಪ್ರಯೋಗ ಮಾಡಿ ಉತ್ತರ ಕೊಡುತ್ತಲೇ ಇದ್ದರು. 1908ರ ನೊಬೆಲ್ ಬಹುಮಾನ ಅವರಿಗೂ, ದ್ರವದ ಪಕ್ಷದ ಪಾಲ್ ಎರ್ಲಿಕ್‌ರಿಗೂ ಒಟ್ಟಿಗೆ ಬಂತು. ಇಬ್ಬರ ಮಾತೂ ನಿಜವಾಗಿತ್ತು.

1897ರಲ್ಲಿ ಮುಂಬೈಯಲ್ಲಿ ಪ್ಲೇಗ್ ಲಸಿಕೆ ತಯಾರಿಸಿದ ಹಾಫ್‌ಕಿನ್ ಇವರ ಶಿಷ್ಯರು. ಹುಳಿ ಹಾಲಿನಿಂದ ಆಯಸ್ಸು ಹೆಚ್ಚುತ್ತದೆಂದು ನಂಬಿದ್ದ ಮೆಚ್ನಿಕಾಫ್ ಅದನ್ನು ತಪ್ಪದೆ ಕುಡಿಯುತ್ತಿದ್ದರು. (ನಮ್ಮ ಅಜ್ಜಿಯಂದಿರಿಗೆ ಮಜ್ಜಿಗೆಯ ಬಗ್ಗೆ ಯಾರೂ ಹೇಳಿಕೊಡಬೇಕಿರಲಿಲ್ಲ!) 1916ರಲ್ಲಿ, 71ನೆಯ ವಯಸ್ಸಿನಲ್ಲಿ ಪ್ಯಾರಿಸ್ಸಿನಲ್ಲಿ ನಿಧನರಾದರು.

ಇಂದು ವಿಜ್ಞಾನಿಗಳು ಈ ನೋಟಕ್ಕೆ ಜೀಬ್ರಾ ಮೀನಿನ ಪಾರದರ್ಶಕ ಮರಿಗಳನ್ನು ಬಳಸುತ್ತಾರೆ. ಬಿಳಿ ಕಣಗಳು ಹೊಳೆಯುವಂತೆ ಮಾಡಿ, ಬಾಲದ ಗಾಯದ ಕಡೆಗೆ ಅವು ಓಡುವುದನ್ನು ಚಲನಚಿತ್ರದಂತೆ ಸೆರೆಹಿಡಿಯುತ್ತಾರೆ. ಬೆರಳುದ್ದದ ಈ ಪಟ್ಟೆ ಮೀನು ನಮ್ಮ ದೇಶದ ಹಳ್ಳಕೊಳ್ಳಗಳದ್ದೇ.