ಗೋದಾಮಿನ ಹಿಂದಿನ ಮನೆಯಲ್ಲಿ ಬರೆದ ಡೈರಿ: ಇಂದು ಆನ್ ಫ್ರಾಂಕ್ ಜನ್ಮದಿನ

ಪೋತ್ನಾಳ, ಜೂ.12: ಎರಡನೇ ಮಹಾಯುದ್ಧದ ಕಾಲದಲ್ಲಿ ಮನೆಯಲ್ಲಿ ದಿನಾ ಏನೇನು ನಡೀತು ಅಂತ ಒಬ್ಬ ಹುಡುಗಿ ಬರೆದಿಟ್ಟ ಡೈರಿಯನ್ನು ಜಗತ್ತು ಇವತ್ತಿಗೂ ಓದುತ್ತಿದೆ. ಆ ಹುಡುಗಿಯೇ ಆನ್ ಫ್ರಾಂಕ್. ಆ ಡೈರಿ ಉಳಿದದ್ದರ ಹಿಂದೆ ವ್ಯಾಪಾರಸ್ಥರ, ಕಚೇರಿ ನೌಕರರ ಧೈರ್ಯವೂ ಇದೆ.

ಆನ್ ಹುಟ್ಟಿದ್ದು 1929ರ ಜೂನ್ 12ರಂದು, ಜರ್ಮನಿಯ ಫ್ರಾಂಕ್‌ಫರ್ಟ್‌ನ ಯಹೂದಿ ಕುಟುಂಬದಲ್ಲಿ. ತಂದೆ ಒಟ್ಟೊ, ತಾಯಿ ಎಡಿತ್, ಅಕ್ಕ ಮಾರ್ಗೊ. 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ ಮೇಲೆ ಕುಟುಂಬ ನೆದರ್‌ಲ್ಯಾಂಡ್ಸ್‌ನ ಆಮ್‌ಸ್ಟರ್‌ಡ್ಯಾಮ್ ಸೇರಿತು. ಜಾಮ್ ಗಟ್ಟಿಯಾಗಲು ಹಾಕುವ ಪೆಕ್ಟಿನ್ ಮತ್ತು ಮಸಾಲೆ ಸಾಮಾನು ಮಾರುವುದು ಒಟ್ಟೊ ಅವರ ವ್ಯಾಪಾರ.

1940ರ ಮೇ ತಿಂಗಳಲ್ಲಿ ಜರ್ಮನ್ ಸೇನೆ ಅಲ್ಲಿಗೂ ನುಗ್ಗಿತು. ಯಹೂದಿಗಳ ಮೇಲೆ ಒಂದೊಂದೇ ನಿರ್ಬಂಧ ಬಿತ್ತು. ಟ್ರಾಂ ಹತ್ತುವಂತಿಲ್ಲ, ಸೈಕಲ್ ಸರಕಾರಕ್ಕೆ ಒಪ್ಪಿಸಬೇಕು, ಅಂಗಡಿಗೆ ಹೋಗುವುದು ಮಧ್ಯಾಹ್ನ 3ರಿಂದ 5ರ ತನಕ ಮಾತ್ರ. ಸ್ವಂತ ವ್ಯಾಪಾರವನ್ನೂ ಒಟ್ಟೊ ಬೇರೆಯವರ ಹೆಸರಿಗೆ ಮಾಡಬೇಕಾಯಿತು.

1942ರಲ್ಲಿ 13 ತುಂಬಿದ ದಿನ ಆನ್‌ಗೆ ಕೆಂಪು-ಬಿಳಿ ಚೌಕಡಿ ರಟ್ಟಿನ ಪುಸ್ತಕ ಉಡುಗೊರೆಯಾಗಿ ಬಂತು. ಅದೇ ಡೈರಿ ಆಯಿತು. ಜುಲೈ 5ರಂದು ಅಕ್ಕನಿಗೆ ದುಡಿಮೆ ಶಿಬಿರಕ್ಕೆ ಬರುವಂತೆ ನೋಟಿಸ್ ಬಂತು. ಮರುದಿನವೇ ಕುಟುಂಬ ಒಟ್ಟೊ ಅವರ ಗೋದಾಮು-ಕಚೇರಿ ಕಟ್ಟಡದ ಹಿಂಭಾಗದಲ್ಲಿ ಅಡಗಿತು. ಬಾಗಿಲು ಕಾಣದಂತೆ ಪುಸ್ತಕದ ಕಪಾಟು ಕೂರಿಸಿದರು. ಆಮೇಲೆ ಅಲ್ಲಿ ಒಟ್ಟು 8 ಮಂದಿ ಆದರು.

ಕೆಳಗೆ ಕೆಲಸಗಾರರು ಇರೋತನಕ ಮೇಲೆ ಸದ್ದು ಮಾಡುವಂತಿಲ್ಲ, ನಲ್ಲಿ ಬಿಡುವಂತಿಲ್ಲ. ಆಲೂಗಡ್ಡೆ ಸುಲಿದದ್ದು, ತಾಯಿ ಜೊತೆ ಮುನಿಸು, ಪಾಠ ಓದಿದ್ದು, ರಾತ್ರಿ ಬಾಂಬ್ ಸದ್ದಿನ ಹೆದರಿಕೆ, ಎಲ್ಲವನ್ನೂ ಆನ್ ಬರೆದಳು.

ಇವರಿಗೆ ಊಟಕ್ಕೆ ಬೇಕಾದದ್ದನ್ನು ಜೀವದ ಹಂಗು ಬಿಟ್ಟು ತರುತ್ತಿದ್ದವರು ಕಚೇರಿಯ ನೌಕರರು. ಅವರಲ್ಲಿ ಮೀಪ್ ಗೀಸ್ ಕಾಯಿಪಲ್ಲೆ ತರುತ್ತಿದ್ದದ್ದು ಹೆಂಡ್ರಿಕ್ ವಾನ್ ಹೂವೆ ಎಂಬುವರ ಅಂಗಡಿಯಿಂದ. ಇಷ್ಟೊಂದು ಯಾರಿಗೆ ಅಂತ ಅವರು ಕೇಳಲೇ ಇಲ್ಲ. ತಮ್ಮ ಮನೆಯಲ್ಲೂ ಯಹೂದಿಗಳನ್ನು ಅಡಗಿಸಿಟ್ಟಿದ್ದ ಅವರನ್ನು 1944ರ ಮೇ ತಿಂಗಳಲ್ಲಿ ಬಂಧಿಸಲಾಯಿತು. ಅಂದಿನಿಂದ ಅಡಗಿದ್ದವರ ಊಟವೂ ಕಡಿಮೆಯಾಯಿತು.

ಯುದ್ಧ ಮುಗಿದ ಮೇಲೆ ಜನಸಾಮಾನ್ಯರ ಡೈರಿಗಳನ್ನು ಸಂಗ್ರಹಿಸಬೇಕೆಂದು ಆ ವರ್ಷದ ಮಾರ್ಚ್‌ನಲ್ಲಿ ಡಚ್ ಸಚಿವರೊಬ್ಬರು ಲಂಡನ್ ರೇಡಿಯೊದಲ್ಲಿ ಹೇಳಿದ್ದರು. ಅದನ್ನು ಕೇಳಿದ ಆನ್, ಪುಸ್ತಕ ಮಾಡುವ ಆಸೆಯಿಂದ ಡೈರಿಯನ್ನು ಮತ್ತೆ ತಿದ್ದಿ ಬರೆಯತೊಡಗಿದಳು. ಕೆಲಸ ಮುಗಿಯಲಿಲ್ಲ. ಆಗಸ್ಟ್ 4ರಂದು ದಾಳಿ ನಡೆದು ಎಂಟೂ ಮಂದಿ ಸಿಕ್ಕಿಬಿದ್ದರು. 1945ರ ಆರಂಭದಲ್ಲಿ ಬರ್ಗನ್-ಬೆಲ್ಸನ್ ಶಿಬಿರದಲ್ಲಿ ಅಕ್ಕ-ತಂಗಿ ಇಬ್ಬರೂ ಟೈಫಸ್ ಜ್ವರಕ್ಕೆ ಬಲಿಯಾದರು. ಆನ್‌ಗೆ ಆಗ 15 ವರ್ಷ. ಏಪ್ರಿಲ್ 15ರಂದು ಆ ಶಿಬಿರ ಬಿಡುಗಡೆಯಾಯಿತು. ಎಂಟು ಮಂದಿಯಲ್ಲಿ ಬದುಕಿ ಬಂದದ್ದು ಒಟ್ಟೊ ಒಬ್ಬರೇ.

ದಾಳಿಯ ದಿನ ನೆಲದ ಮೇಲೆ ಬಿದ್ದಿದ್ದ ಹಾಳೆಗಳನ್ನು ಮೀಪ್ ಮತ್ತು ಜೊತೆಗಾರ್ತಿ ಬೆಪ್ ಆರಿಸಿಕೊಂಡಿದ್ದರು. ಮೀಪ್ ಅವನ್ನು ಓದದೇ ಮೇಜಿನ ಡ್ರಾದಲ್ಲಿ ಇಟ್ಟು, ಒಟ್ಟೊ ಕೈಗೆ ಒಪ್ಪಿಸಿದರು. 1947ರ ಜೂನ್ 25ರಂದು ಡೈರಿ ಪುಸ್ತಕವಾಯಿತು. ಈಗ 70ಕ್ಕೂ ಹೆಚ್ಚು ಭಾಷೆಗಳಲ್ಲಿದೆ. ಆ ಕಟ್ಟಡ 1960ರಿಂದ ವಸ್ತುಸಂಗ್ರಹಾಲಯವಾಗಿದೆ.

ಆಗ ನಿಜಾಮರ ಆಳ್ವಿಕೆಯಲ್ಲಿದ್ದ ನಮ್ಮ ರಾಯಚೂರು ಸೀಮೆಗೆ ಬಿಡುಗಡೆ ಸಿಕ್ಕದ್ದು 1948ರ ಸೆಪ್ಟೆಂಬರ್‌ನಲ್ಲಿ. ರಜಾಕಾರರ ಕಾಲದ ನೆನಪು ಇನ್ನೂ ಕೆಲ ಹಿರಿಯರ ಬಾಯಲ್ಲಿದೆ. ಶಾಲೆ ಶುರುವಾಗುವ ಈ ದಿನಗಳಲ್ಲಿ ಮಕ್ಕಳಿಗೆ ಒಂದು ನೋಟ್‌ಬುಕ್ ಹೆಚ್ಚಿಗೆ ಕೊಡಿಸಿದರೆ, ಅಜ್ಜ-ಅಜ್ಜಿ ಹೇಳಿದ್ದನ್ನು ಅವರೂ ಬರೆದಿಟ್ಟಾರು.