ತನ್ನ ಹೆಸರನ್ನೇ ಕಳೆದುಕೊಂಡು ಮರಳಿ ಪಡೆದ ನಾದಯಂತ್ರದ ರೂವಾರಿ

ಮದುವೆ ಮಂಟಪದ ವಾದ್ಯಗೋಷ್ಠಿಯಿಂದ ಹಿಡಿದು ಚಲನಚಿತ್ರದ ಹಿನ್ನೆಲೆ ಸಂಗೀತದವರೆಗೆ ಇಂದು ಕೀಬೋರ್ಡ್ ಇಲ್ಲದ ಸಂಗೀತವನ್ನು ಊಹಿಸುವುದೂ ಕಷ್ಟ. ವಿದ್ಯುತ್ತಿನಿಂದಲೇ ನಾದವನ್ನು ಹುಟ್ಟಿಸುವ ಸಿಂಥಸೈಜರ್ ಯಂತ್ರವನ್ನು ವಿಶ್ವವಿದ್ಯಾಲಯಗಳ ಪ್ರಯೋಗಾಲಯದಿಂದ ಹೊರತಂದು ಸಂಗೀತಗಾರರ ಕೈಗಿತ್ತವರಲ್ಲಿ ಅಗ್ರಗಣ್ಯರು ಅಮೆರಿಕದ ಎಂಜಿನಿಯರ್ ರಾಬರ್ಟ್ ಮೋಗ್. ಅವರ ಹೆಸರು ಒಂದು ಕಾಲದಲ್ಲಿ ಆ ವಾದ್ಯಕ್ಕೇ ಪರ್ಯಾಯ ಪದವಾಗಿತ್ತು. ಆದರೆ ಅದೇ ಹೆಸರಿನಲ್ಲಿ ವಾದ್ಯ ಮಾರುವ ಭಾಗ್ಯ ಅವರಿಗೆ ಸುಮಾರು ಕಾಲು ಶತಮಾನದ ಕಾಲ ದೊರೆಯಲಿಲ್ಲ ಎಂಬುದು ವಿಪರ್ಯಾಸ.

ಮೋಗ್ ಜನಿಸಿದ್ದು 1934ರ ಮೇ 23ರಂದು, ನ್ಯೂಯಾರ್ಕ್ ನಗರದಲ್ಲಿ. ಮಗ ಪಿಯಾನೋ ವಾದಕನಾಗಬೇಕೆಂಬುದು ತಾಯಿಯ ಹಂಬಲ. ಬಾಲಕನ ಮನಸ್ಸು ನೆಟ್ಟಿದ್ದು ಎಂಜಿನಿಯರ್ ಆಗಿದ್ದ ತಂದೆಯ ನೆಲಮಾಳಿಗೆಯ ಕಾರ್ಯಾಗಾರದಲ್ಲಿ. ರಷ್ಯಾದ ವಿಜ್ಞಾನಿ ಲಿಯಾನ್ ಥೆರೆಮಿನ್ ರೂಪಿಸಿದ್ದ, ಮುಟ್ಟದೆಯೇ ಗಾಳಿಯಲ್ಲಿ ಕೈಯಾಡಿಸಿ ನುಡಿಸುವ ವಿದ್ಯುತ್ ವಾದ್ಯ ಅವರನ್ನು ಸೆಳೆಯಿತು. ಹದಿಹರೆಯದಲ್ಲಿಯೇ ಅಂಥದೊಂದನ್ನು ಸ್ವತಃ ಕಟ್ಟಿದರು. ವಿದ್ಯಾರ್ಥಿದೆಸೆಯಲ್ಲಿ ತಂದೆಯೊಡನೆ ಸೇರಿ ಥೆರೆಮಿನ್ ತಯಾರಿಸಿ ಮಾರುವ ಪುಟ್ಟ ಉದ್ಯಮವನ್ನೂ ಆರಂಭಿಸಿದರು.

ಕ್ವೀನ್ಸ್ ಕಾಲೇಜಿನಲ್ಲಿ ಭೌತಶಾಸ್ತ್ರ, ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ವಿದ್ಯುತ್ ಎಂಜಿನಿಯರಿಂಗ್ ಮುಗಿಸಿದ ಮೋಗ್, 1957ರಲ್ಲಿ ಡಾಕ್ಟರೇಟ್ ಅಧ್ಯಯನಕ್ಕಾಗಿ ಕಾರ್ನೆಲ್ ವಿಶ್ವವಿದ್ಯಾಲಯ ಸೇರಿದರು. ಪದವಿ ಕೈಗೆ ಬಂದದ್ದು 1965ರಲ್ಲಿ. ಇಷ್ಟು ದೀರ್ಘಕಾಲ ಹಿಡಿದದ್ದಕ್ಕೆ ವಾದ್ಯಗಳ ಗೀಳೇ ಮುಖ್ಯ ಕಾರಣ. 1961ರಲ್ಲಿ ಟ್ರಾನ್ಸಿಸ್ಟರ್ ಬಳಸಿದ ಥೆರೆಮಿನ್ ಕುರಿತು ಪತ್ರಿಕೆಯೊಂದರಲ್ಲಿ ಲೇಖನ ಪ್ರಕಟಿಸಿದಾಗ, ಬಿಡಿಭಾಗಗಳ ಕಿಟ್‌ಗೆ ಬೇಡಿಕೆಯ ಮಹಾಪೂರವೇ ಹರಿದುಬಂತು. ಸುಮಾರು 1,000 ಕಿಟ್‌ಗಳು ಮಾರಾಟವಾದವು.

ಒಂದು ಬೇಸಿಗೆಯ ಫಲ

ಆ ವೇಳೆಗೆ ವಿದ್ಯುನ್ಮಾನ ಸಂಗೀತ ಹೊಸತೇನೂ ಆಗಿರಲಿಲ್ಲ. ಕೊಲಂಬಿಯಾದಲ್ಲಿಯೇ ಆರ್‌ಸಿಎ ಕಂಪನಿಯ ಬೃಹತ್ ಸಿಂಥಸೈಜರ್ ಒಂದು ಕೋಣೆಯ ಗೋಡೆಯನ್ನೇ ಆವರಿಸಿಕೊಂಡಿತ್ತು. ಅದಕ್ಕೆ ಕಾಗದದ ಪಟ್ಟಿಯಲ್ಲಿ ರಂಧ್ರ ಕೊರೆದು ಆದೇಶ ನೀಡಬೇಕಿತ್ತು. ಉಳಿದ ಸಂಯೋಜಕರು ಟೇಪನ್ನು ಕತ್ತರಿಸಿ ಅಂಟಿಸುತ್ತಾ ಗಂಟೆಗಟ್ಟಲೆ ದುಡಿದು ಕ್ಷಣಮಾತ್ರದ ಸಂಗೀತ ಪಡೆಯುತ್ತಿದ್ದರು. ನುಡಿಸಿದ ಕೂಡಲೇ ಕೇಳಿಸುವ ಯಂತ್ರ ಅವರಿಗೆ ಬೇಕಾಗಿತ್ತು.

1963ರ ಕೊನೆಯಲ್ಲಿ ಹಾಫ್‌ಸ್ಟ್ರಾ ವಿಶ್ವವಿದ್ಯಾಲಯದ ಸಂಗೀತ ಅಧ್ಯಾಪಕ ಹರ್ಬರ್ಟ್ ಡಾಯ್ಚ್ ಅವರ ಪರಿಚಯವಾಯಿತು. 1964ರ ಬೇಸಿಗೆಯಲ್ಲಿ ಕಾರ್ನೆಲ್‌ಗೆ ಸಮೀಪದ ಟ್ರೂಮನ್ಸ್‌ಬರ್ಗ್ ಎಂಬ ಸಣ್ಣ ಊರಿನಲ್ಲಿದ್ದ ಮೋಗ್ ಅವರ ಕಾರ್ಯಾಗಾರದಲ್ಲಿ ಇಬ್ಬರೂ ಕೂಡಿ ದುಡಿದರು. ಡಾಯ್ಚ್ ತಮಗೆ ಬೇಕಾದ ನಾದವನ್ನು ವಿವರಿಸುವರು, ಮೋಗ್ ಅದಕ್ಕೆ ತಕ್ಕ ವಿದ್ಯುನ್ಮಂಡಲ ಜೋಡಿಸುವರು. ಸ್ವರದ ಏರಿಳಿತವನ್ನು ಚಾಲನೆಗೊಳಿಸಲು ಮೊದಲು ಬಳಸಿದ್ದು ಮನೆಯ ಕರೆಗಂಟೆಯ ಗುಂಡಿ!

ಮೋಗ್ ಅವರ ಮೂಲ ಕಲ್ಪನೆ ಸರಳವಾಗಿತ್ತು. ಸ್ವರದ ಎತ್ತರ, ಗಾತ್ರ, ಬಣ್ಣ ಈ ಮೂರನ್ನೂ ವೋಲ್ಟೇಜಿನಿಂದಲೇ ನಿಯಂತ್ರಿಸುವುದು. ಒಂದು ವೋಲ್ಟ್ ಹೆಚ್ಚಿಸಿದರೆ ಸ್ವರ ಷಡ್ಜದಿಂದ ತಾರಷಡ್ಜಕ್ಕೆ ಏರುತ್ತದೆ. ಒಂದು ಘಟಕದಿಂದ ಹೊರಬಂದ ವೋಲ್ಟೇಜನ್ನು ತಂತಿಯ ಮೂಲಕ ಇನ್ನೊಂದಕ್ಕೆ ಹಾಯಿಸಿ ಬಗೆಬಗೆಯ ನಾದಗಳನ್ನು ಸೃಷ್ಟಿಸಬಹುದು. ಟ್ರಾನ್ಸಿಸ್ಟರುಗಳನ್ನು ಏಣಿಯ ಮೆಟ್ಟಿಲುಗಳಂತೆ ಜೋಡಿಸಿದ ಶೋಧಕವೊಂದನ್ನೂ ಅವರು ರಚಿಸಿದರು. ಇದು ತಾರ ಅಂಶಗಳನ್ನು ಜರಡಿ ಹಿಡಿದು ತುಂಬು ನಾದವನ್ನು ನೀಡುತ್ತದೆ. 1969ರಲ್ಲಿ ಪೇಟೆಂಟ್ ಪಡೆದ ಈ ಶೋಧಕವೇ ಮೋಗ್ ಧ್ವನಿಯ ಜೀವಾಳ.

1964ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಆಡಿಯೋ ಎಂಜಿನಿಯರಿಂಗ್ ಸೊಸೈಟಿಯ ಸಮಾವೇಶದಲ್ಲಿ ಮೋಗ್ ತಮ್ಮ ಆವಿಷ್ಕಾರವನ್ನು ಪ್ರದರ್ಶಿಸಿದರು. ಕೊಲಂಬಿಯಾದ ವ್ಲಾದಿಮಿರ್ ಉಸಾಚೆವ್‌ಸ್ಕಿ ಅವರು ಸ್ವರವೊಂದು ಹುಟ್ಟಿ, ನಿಂತು, ಅಡಗುವ ಹಂತಗಳನ್ನು ನಿಯಂತ್ರಿಸುವ ಘಟಕಕ್ಕೆ ಲಕ್ಷಣಗಳನ್ನು ಸೂಚಿಸಿದರು. ಕ್ಯಾಲಿಫೋರ್ನಿಯಾದಲ್ಲಿ ಇದೇ ಕಾಲದಲ್ಲಿ ಡಾನ್ ಬುಕ್ಲಾ ಪಿಯಾನೋ ಮನೆಗಳಿಲ್ಲದ ಸಿಂಥಸೈಜರ್ ರೂಪಿಸುತ್ತಿದ್ದರು. ಮೋಗ್ ಕೀಬೋರ್ಡನ್ನು ಅಳವಡಿಸಿದ್ದರಿಂದ ಅವರ ಯಂತ್ರ ಸಾಮಾನ್ಯ ಸಂಗೀತಗಾರರಿಗೆ ಹತ್ತಿರವಾಯಿತು.

ಕೀರ್ತಿ ಮತ್ತು ಸಾಲ

1968ರಲ್ಲಿ ವೆಂಡಿ ಕಾರ್ಲೋಸ್ ಅವರು ಬಾಕ್‌ನ ಕೃತಿಗಳನ್ನು ಮೋಗ್ ಯಂತ್ರದಲ್ಲಿ ನುಡಿಸಿ ಹೊರತಂದ 'ಸ್ವಿಚ್ಡ್-ಆನ್ ಬಾಕ್' ಧ್ವನಿಮುದ್ರಿಕೆ ಅಪಾರ ಜನಪ್ರಿಯತೆ ಗಳಿಸಿ ಮೂರು ಗ್ರ್ಯಾಮಿ ಪ್ರಶಸ್ತಿಗಳನ್ನು ಪಡೆಯಿತು. ಆ ಯಂತ್ರ ಒಮ್ಮೆಗೆ ಒಂದೇ ಸ್ವರ ನುಡಿಯುತ್ತಿದ್ದುದರಿಂದ ಪ್ರತಿಯೊಂದು ಎಳೆಯನ್ನೂ ಬೇರೆಬೇರೆಯಾಗಿ ಮುದ್ರಿಸಬೇಕಾಗಿತ್ತು. 1969ರಲ್ಲಿ ಬೀಟಲ್ಸ್ ತಂಡ 'ಆಬೆ ರೋಡ್' ಧ್ವನಿಮುದ್ರಿಕೆಯಲ್ಲಿ ಈ ವಾದ್ಯ ಬಳಸಿತು. ಅದೇ ವರ್ಷ ಸಂಯೋಜಕ ಡೇವಿಡ್ ಟ್ಯೂಡರ್ ಮೂಲಕ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೂ ಮೋಗ್ ಯಂತ್ರ ಬಂದಿತು. ಅಲ್ಲಿ ಗೀತಾ ಸಾರಾಭಾಯಿ ಮೊದಲಾದವರು ಅದರಲ್ಲಿ ಪ್ರಯೋಗ ನಡೆಸಿದರು.

ಕೋಣೆ ತುಂಬುವ ಯಂತ್ರವನ್ನು ಹೊತ್ತೊಯ್ಯಬಹುದಾದ ಪೆಟ್ಟಿಗೆಯಾಗಿಸಿದ್ದು 1970ರ ಮಿನಿಮೋಗ್. ಸಹೋದ್ಯೋಗಿ ಬಿಲ್ ಹೆಮ್‌ಸಾತ್ ಅವರ ಪಾತ್ರ ಇದರಲ್ಲಿ ಹಿರಿದು. ಮುಂದೆ ಸುಮಾರು 12,000 ಮಿನಿಮೋಗ್‌ಗಳು ತಯಾರಾದವು. ಆದರೆ ಮೋಗ್ ಕುಶಲ ತಂತ್ರಜ್ಞರಾಗಿದ್ದರೇ ಹೊರತು ವ್ಯಾಪಾರಿಯಾಗಿರಲಿಲ್ಲ. ಸಾಲದ ಹೊರೆ ಬೆಳೆದು, 1971ರಲ್ಲಿ ಕಂಪನಿಯ ಒಡೆತನವನ್ನು ಬಿಟ್ಟುಕೊಡಬೇಕಾಯಿತು. ಕಂಪನಿಯೊಡನೆ ಮೋಗ್ ಎಂಬ ಹೆಸರೂ ಹೋಯಿತು. ಕೆಲವು ವರ್ಷ ಅಲ್ಲಿಯೇ ನೌಕರರಾಗಿ ದುಡಿದು 1977ರಲ್ಲಿ ಹೊರಬಂದರು.

ನಾರ್ತ್ ಕೆರೊಲಿನಾದ ಬೆಟ್ಟಗಳ ನಡುವೆ ನೆಲೆಸಿದ ಮೋಗ್, 'ಬಿಗ್ ಬ್ರಯರ್' ಎಂಬ ಹೊಸ ಹೆಸರಿನಲ್ಲಿ ಸಣ್ಣ ಕಾರ್ಯಾಗಾರ ತೆರೆದರು. ಅಲ್ಲಿ ಅವರು ತಯಾರಿಸಿದ್ದು ಬಾಲ್ಯದ ಒಲವಾದ ಥೆರೆಮಿನ್‌ಗಳನ್ನೇ. ಅತ್ತ ಅವರ ಹೆಸರು ಹೊತ್ತ ಮೂಲ ಕಂಪನಿ 1980ರ ದಶಕದಲ್ಲಿ ದಿವಾಳಿಯಾಯಿತು. ಡಿಜಿಟಲ್ ಕೀಬೋರ್ಡುಗಳ ಅಬ್ಬರದಲ್ಲಿ ಹಳೆಯ ಯಂತ್ರಗಳು ಮೂಲೆ ಸೇರಿದವು. ಆದರೂ ಆ ತುಂಬು ನಾದವನ್ನು ಹುಡುಕಿಕೊಂಡು ಹೊಸ ಪೀಳಿಗೆಯ ಸಂಗೀತಗಾರರು ಮರಳಿ ಬಂದರು. 2001ರಲ್ಲಿ ಸ್ವೀಡನ್ನಿನ ಪೋಲಾರ್ ಸಂಗೀತ ಪ್ರಶಸ್ತಿ ಮೋಗ್ ಅವರಿಗೆ ಸಂದಿತು.

ಕೊನೆಗೆ 2002ರಲ್ಲಿ ತಮ್ಮ ಹೆಸರನ್ನು ಬಳಸುವ ಹಕ್ಕು ಮರಳಿ ದೊರೆಯಿತು. ಮಿನಿಮೋಗ್ ವಾಯೇಜರ್ ಎಂಬ ಹೊಸ ವಾದ್ಯ ಅದೇ ಹೆಸರಿನಡಿ ಮಾರುಕಟ್ಟೆಗೆ ಬಂದಿತು. ಈ ಸಂಭ್ರಮ ಹೆಚ್ಚು ಕಾಲ ಉಳಿಯಲಿಲ್ಲ. ಮಿದುಳಿನ ಗೆಡ್ಡೆಯಿಂದ ಬಳಲಿದ ಮೋಗ್, 2005ರ ಆಗಸ್ಟ್ 21ರಂದು ಆಶ್‌ವಿಲ್‌ನಲ್ಲಿ ತಮ್ಮ 71ನೇ ವಯಸ್ಸಿನಲ್ಲಿ ನಿಧನರಾದರು.

ತಾವು ಸಂಗೀತಗಾರರಲ್ಲ, ಅವರಿಗೆ ಉಪಕರಣ ಮಾಡಿಕೊಡುವವರು ಎಂದೇ ಮೋಗ್ ಭಾವಿಸಿದ್ದರು. ನುಡಿಸುವವರ ಮಾತನ್ನು ಕಿವಿಗೊಟ್ಟು ಕೇಳಿ, ಅದನ್ನು ವಿದ್ಯುತ್ತಿನ ಭಾಷೆಗೆ ತರುವುದರಲ್ಲಿ ಅವರ ಹಿರಿಮೆ ಅಡಗಿತ್ತು. ಇಂದಿನ ಕಂಪ್ಯೂಟರ್ ತಂತ್ರಾಂಶಗಳೂ ಅವರ ಏಣಿ ಶೋಧಕದ ನಾದವನ್ನು ಅನುಕರಿಸುತ್ತಿವೆ. ವೀಣೆ, ಪಿಟೀಲು ಮಾಡಿದ ಕುಶಲಕರ್ಮಿಗಳ ಸಾಲಿನಲ್ಲಿ ಈ ಎಂಜಿನಿಯರ್‌ಗೂ ಒಂದು ಸ್ಥಾನವಿದೆ.